ಸುಣ್ಣವಾಗಿ ಹೋದ ಚಿಪ್ಪುಗಳ ಬೆನ್ನು ಹತ್ತಿ

ಶನಿವಾರ, ಕುಂಬಳೆ

ಅಕ್ಕನ ಮಗಳು ಪುರಾತತ್ವದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ ಅಂದರೆ ನೆಂಟರೆಲ್ಲ ಶಾಸನ, ನಾಣ್ಯ, ನಿಧಿ ಎಂದು ಕಣ್ಣರಳಿಸುತ್ತಾರೆ. ಅವಳ ಕೆಲಸ ಮರ್ವಾಯಿ, ಅಂದರೆ ಹೊಳೆಯ ಕಪ್ಪೆಚಿಪ್ಪಿನ, ಸಿಪ್ಪೆಯದ್ದು. ಯಾವುದೋ ಕಾಲದಲ್ಲಿ ಯಾರೋ ಬೇಯಿಸಿ ತಿಂದು ಎಸೆದ ಚಿಪ್ಪನ್ನು ಜರಡಿ ಹಿಡಿದು, ಎಣಿಸಿ, ಅಳತೆ ತೆಗೆದು, ಅವರು ಯಾವ ತಿಂಗಳಲ್ಲಿ ನೀರಿಗಿಳಿದರು, ಇಳಿದದ್ದು ಹೊಳೆಗೋ ಕಡಲಿಗೋ, ತಂದದ್ದು ಹೊಟ್ಟೆಗೋ ಬಳೆಗೋ ಎಂದು ಲೆಕ್ಕ ಹಾಕುವುದು. ಹಳೆಯ ಚೂರನ್ನು ಗುರುತಿಸಬೇಕಾದರೆ ಪಕ್ಕದಲ್ಲಿಟ್ಟು ನೋಡಲಿಕ್ಕೆ ಈಗಿನ ಚಿಪ್ಪು ಬೇಕು. ಅದೂ ಎಲ್ಲಿ, ಯಾವ ದಿನ, ಎಂಥ ನೀರಿನಿಂದ ಜೀವಂತ ತೆಗೆದದ್ದು ಎಂದು ಬರೆದಿಟ್ಟ ಚಿಪ್ಪು. ಇದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಹಾಗಾಗಿ ಜನವರಿಯ ಅಮಾವಾಸ್ಯೆ ನೋಡಿಕೊಂಡು, ನೀರು ಚೆನ್ನಾಗಿ ಇಳಿಯುವ ದಿನಗಳಲ್ಲಿ, ಜರಡಿ, ಕ್ಯಾಲಿಪರ್, ಜಿಪ್ ಚೀಲಗಳ ಕಟ್ಟು ಹೊತ್ತು ನಮ್ಮಲ್ಲಿಗೆ ಬಂದಳು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೊಳೆಗಳ ದಾರಿ ತೋರಿಸುವುದು, ಚೀಲ ಹೊರುವುದು ನನ್ನ ಪಾಲಿಗೆ ಬಂತು.

ಶಿರಿಯ ಹೊಳೆ ಕಡಲು ಸೇರುವ ಕಡೆ ನಾವು ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹೆಂಗಸರು ಆಗಲೇ ಸೊಂಟದ ಮಟ್ಟ ನೀರಿನಲ್ಲಿದ್ದರು. ಕಾಲಿನಿಂದ ಕೆಸರು ಕೆದಕುವುದು, ಹೆಬ್ಬೆರಳಿಗೆ ಗಟ್ಟಿ ತಾಗಿದರೆ ಮುಳುಗಿ ಕೈ ಹಾಕುವುದು, ಮೇಲೆ ಬಂದು ಬುಟ್ಟಿಯನ್ನು ನೀರಿನಲ್ಲೇ ಜಾಲಿಸುವುದು. ಅವರಲ್ಲಿ ಹಿರಿಯರೊಬ್ಬರಿಗೆ ನನ್ನ ಪರಿಚಯ ಇತ್ತು, ಅವರ ಮಗ ನನ್ನ ಕ್ಲಾಸಿನಲ್ಲಿದ್ದವ.

"ಮಾಷ್ಟ್ರೇ, ಕೂಸು ಎಂತ ಹುಡುಕುವುದು?"

"ಮರ್ವಾಯಿ ಸಿಪ್ಪೆ ಬೇಕಂತೆ."

"ಸಿಪ್ಪೆ ಮಾತ್ರವಾ? ಒಳಗಿನದ್ದು ಬೇಡವಾ?"

ಮಾತೆಲ್ಲ ತುಳುವಿನಲ್ಲಿ, ಜೊತೆಗೆ ಇಡೀ ಹೊಳೆಗೆ ಕೇಳುವಷ್ಟು ನಗು. ನಮ್ಮ ಹುಡುಗಿ ಅದಕ್ಕೆಲ್ಲ ಜಗ್ಗುವವಳಲ್ಲ. ಪ್ಯಾಂಟು ಮಡಚಿ ನೀರಿಗಿಳಿದು, ಸಣ್ಣ ಮರ್ವಾಯಿಗಳನ್ನು ಏನು ಮಾಡುತ್ತೀರಿ ಎಂದು ಕೇಳಿದಳು. "ಅದು ಬುಟ್ಟಿಯ ಸಂದಿಯಲ್ಲಿ ತನ್ನಷ್ಟಕ್ಕೇ ಹೋಗ್ತದೆ ಮಗಾ. ಉಳಿದದ್ದನ್ನು ನಾವೇ ಬಿಸಾಡ್ತೇವೆ. ಅದರಲ್ಲಿ ತಿನ್ನಲಿಕ್ಕೆ ಎಂತ ಉಂಟು? ಕುದಿಸಿದ ಗ್ಯಾಸೂ ದಂಡ."

ಈ ಉತ್ತರವನ್ನು ಅವಳು ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕಕ್ಷರ ಬರೆದುಕೊಂಡಳು. ಯಾಕೆಂದು ದಂಡೆಯ ಮೇಲೆ ಕೂತು ವಿವರಿಸಿದಳು. ಹೊಳೆಯೇ ತಂದು ಗುಡ್ಡೆ ಹಾಕಿದ ಚಿಪ್ಪಿನ ಪದರದಲ್ಲಿ ಮರಿಯಿಂದ ಮುದಿಯವರೆಗೆ ಎಲ್ಲ ಅಳತೆಯವೂ ಇರುತ್ತವೆ. ಮನುಷ್ಯ ಉಂಡು ಎಸೆದ ರಾಶಿಯಲ್ಲಿ ತೀರಾ ಸಣ್ಣವು ಅಪರೂಪ, ಬುಟ್ಟಿಯ ಸಂದಿಯಲ್ಲಿ ಅವು ಹೊಳೆಗೇ ವಾಪಸಾಗಿರುತ್ತವೆ. ಒಂದು ರಾಶಿಯ ಕೆಳಗಿನ ಪದರದಿಂದ ಮೇಲಕ್ಕೆ ಬರುತ್ತಾ ಚಿಪ್ಪುಗಳ ಅಳತೆ ಕಡಿಮೆಯಾಗುತ್ತಾ ಹೋದರೆ, ಆ ಜನ ದೊಡ್ಡದನ್ನೆಲ್ಲ ತಿಂದು ಮುಗಿಸಿ ಸಣ್ಣದಕ್ಕೆ ಕೈ ಹಾಕಿರಬಹುದು ಎಂಬ ಸಂಶಯ ಏಳುತ್ತದೆ. ನೀರು ಬದಲಾಗಿ ಚಿಪ್ಪು ಬೆಳೆಯದೆಯೂ ಇದ್ದಿರಬಹುದು. ಹಾಗಾಗಿ ಅಳತೆಯ ಜೊತೆ ವಯಸ್ಸನ್ನೂ ನೋಡಬೇಕು, ಅದಕ್ಕೆ ಚಿಪ್ಪಿನ ಮೇಲಿನ ಬೆಳವಣಿಗೆಯ ಗೆರೆಗಳಿವೆ.

ಚಿಪ್ಪಿನ ರಾಶಿ ನೀರಿನದ್ದೋ ಮನುಷ್ಯರದ್ದೋ ಎಂಬ ಈ ಜಗಳ ಹಳೆಯದು. ಡೆನ್ಮಾರ್ಕಿನ ಕಡಲಂಚಿನಲ್ಲಿ ಸಿಂಪಿಯ ದೊಡ್ಡ ದೊಡ್ಡ ದಿಬ್ಬಗಳಿದ್ದವು. ಅವು ಕಡಲು ಬಿಟ್ಟುಹೋದದ್ದೋ ಜನ ಹಾಕಿದ್ದೋ ಎಂದು ತೀರ್ಮಾನಿಸಲು 1848ರಲ್ಲಿ ಮೂವರ ಸಮಿತಿ ಕೂತಿತು: ಪ್ರಾಣಿಶಾಸ್ತ್ರದ ಸ್ಟೀನ್‌ಸ್ಟ್ರಪ್, ಭೂವಿಜ್ಞಾನದ ಫೋರ್ಕ್‌ಹ್ಯಾಮರ್, ಪುರಾತತ್ವದ ವೋರ್ಸೋ. ಚಿಪ್ಪಿನ ನಡುವೆ ಬೂದಿ, ಮೂಳೆ, ಕಲ್ಲಿನ ಹತ್ಯಾರು ಸಿಕ್ಕವು. ಸಿಂಪಿಗಳೋ, ಹೆಚ್ಚಿನವು ಬಲಿತವೇ. ಅಡುಗೆಮನೆಯ ಕಸದ ದಿಬ್ಬ ಎಂದು ಒಪ್ಪಿಕೊಂಡರು. ಮೂವರು ಪಂಡಿತರು ಕೂತು ಹೇಳಿದ್ದರಲ್ಲಿ ಮುಖ್ಯವಾದ ಒಂದನ್ನು ನಮ್ಮ ಹೊಳೆಯ ಹೆಂಗಸು ಗ್ಯಾಸಿನ ಲೆಕ್ಕದಲ್ಲಿ ಹೇಳಿ ಮುಗಿಸಿದ್ದರು.

ಸಂಜೆ ಹಿತ್ತಲ ಒಲೆಯಲ್ಲಿ ಮರ್ವಾಯಿ ಕುದಿಸಿದೆವು. ಬಾಯಿ ಬಿಟ್ಟವುಗಳ ಮಾಂಸ ಹೆಂಡತಿಯ ಪಾಲು, ಸಿಪ್ಪೆ ಸಂಶೋಧನೆಯ ಪಾಲು. ಬಾಣಲೆಯಲ್ಲಿ ಅಕ್ಕಿಯುಂಡೆ ಪುಂಡಿಯೂ ಮಸಾಲೆಯೂ ಒಂದಾಗುತ್ತಿದ್ದರೆ, ಜಗಲಿಯಲ್ಲಿ ಪೇಪರ್ ಹಾಸಿಕೊಂಡು ಇವಳು ಎಡ, ಬಲ ಬೇರೆ ಮಾಡುತ್ತಿದ್ದಳು. ಕೀಲಿನ ಮೇಲಿನ ಗುಬುಟು ಯಾವ ಕಡೆಗೆ ಬಾಗಿದೆ ನೋಡಿದರೆ ಎಡವೋ ಬಲವೋ ತಿಳಿಯುತ್ತದೆ. ನೆಲದಡಿ ಸಿಕ್ಕ ರಾಶಿಯಲ್ಲಿ ಜೋಡಿಗಳು ಬಿಟ್ಟುಹೋಗಿರುತ್ತವೆ, ಅರ್ಧಕ್ಕರ್ಧ ಚೂರು. ಹಾಗಾಗಿ ಗುಬುಟು ಉಳಿದ ಚೂರುಗಳನ್ನಷ್ಟೇ ಎಣಿಸುತ್ತಾರೆ. ನಲವತ್ತು ಎಡ, ಮೂವತ್ತಮೂರು ಬಲ ಸಿಕ್ಕಿದರೆ ಕಡಿಮೆಯೆಂದರೂ ನಲವತ್ತು ಮರ್ವಾಯಿ ಇದ್ದವು ಎಂದು ಅರ್ಥ. ಇಷ್ಟು ಸರಳ ಲೆಕ್ಕ ಎಂಟನೇ ಕ್ಲಾಸಿನವರಿಗೂ ಕಲಿಸಬಹುದಿತ್ತಲ್ಲ ಅನ್ನಿಸಿತು. ಕಲಿಸಿದ್ದರೆ ಮಕ್ಕಳು ಮರ್ವಾಯಿ ತಂದು ಕ್ಲಾಸಿಡೀ ನಾರಿಸುತ್ತಿದ್ದರು, ಅದು ಬೇರೆ ಮಾತು.

"ಅತ್ತೆ, ಇದನ್ನು ಕೆಂಡದಲ್ಲಿ ಸುಡುವ ಕ್ರಮ ಉಂಟಾ?" ಎಂದು ಒಳಗೆ ಕೇಳಿದಳು. ಸುಮ್ಮನೆ ಕೇಳಿದ್ದಲ್ಲ. ಮರ್ವಾಯಿಯ ಚಿಪ್ಪು ಅರಗೊನೈಟ್ ಎಂಬ ಖನಿಜದ್ದು. ನೇರ ಬೆಂಕಿಗೆ ಬಿದ್ದು ಕೆಲವು ನೂರು ಡಿಗ್ರಿ ಕಾದರೆ ಅದೇ ಸುಣ್ಣದ ವಸ್ತು ಕ್ಯಾಲ್ಸೈಟ್ ಆಗಿ ಮಾರ್ಪಡುತ್ತದೆ. ನೀರಿನಲ್ಲಿ ಕುದಿಸಿದರೆ ಆ ಬದಲಾವಣೆ ಇಲ್ಲ. ಪ್ರಯೋಗಾಲಯದಲ್ಲಿ ಇದನ್ನು ಬೇರೆ ಮಾಡಿ ತೋರಿಸಬಹುದು. ಸುಟ್ಟು ತಿಂದರೋ ಬೇಯಿಸಿ ತಿಂದರೋ ಎಂದು ಪಾತ್ರೆಯೇ ಸಿಗದ ಕಡೆಯೂ ಊಹಿಸಲು ಒಂದು ದಾರಿಯಾಗುತ್ತದೆ.

ಭಾನುವಾರ, ಮೊಗ್ರಾಲ್

ನನ್ನ ತಲೆಯಲ್ಲಿ ರಾತ್ರಿಯಿಡೀ ಒಂದೇ ಪ್ರಶ್ನೆ. ಇಷ್ಟೊಂದು ಹೊಳೆಗಳಿರುವ ಊರು ನಮ್ಮದು. ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಸಾಲಾಗಿ ಬಂದು ಕಡಲಿಗೆ ಬೀಳುತ್ತವೆ. ಎಲ್ಲದರಲ್ಲೂ ಮರ್ವಾಯಿ. ಹಾಗಿದ್ದ ಮೇಲೆ ತಿಂದು ಎಸೆದ ಬೆಟ್ಟಗಳು ಎಲ್ಲಿ? ಡೆನ್ಮಾರ್ಕಿನವರ ಹಾಗೆ ನಮ್ಮ ಹೊಳೆಬದಿಯಲ್ಲಿ ಯಾಕೆ ಒಂದು ದಿಬ್ಬವೂ ಕಣ್ಣಿಗೆ ಬೀಳುವುದಿಲ್ಲ?

ಬೆಳಿಗ್ಗೆ ಕೇಳಿದಾಗ ಅವಳು ಎರಡು ಕಾರಣ ಹೇಳಿದಳು. ಮೊದಲನೆಯದು ಮಣ್ಣು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಕೆಂಪು ಮಣ್ಣಿಗೆ ಹುಳಿಗುಣ ಜಾಸ್ತಿ, ಮೇಲಿಂದ ನಾಲ್ಕು ತಿಂಗಳ ಮಳೆ. ಮೂಳೆ, ಚಿಪ್ಪು ಎರಡೂ ಕರಗುತ್ತವೆ. ದೊಡ್ಡ ರಾಶಿಯಾಗಿದ್ದರೆ ಚಿಪ್ಪೇ ಸುತ್ತಲಿನ ಮಣ್ಣಿನ ಹುಳಿ ಮುರಿದು ತನ್ನನ್ನು ತಾನು ಸ್ವಲ್ಪ ಕಾಪಾಡಿಕೊಳ್ಳುತ್ತದೆ, ಚದುರಿದ್ದಕ್ಕೆ ಉಳಿಗಾಲವಿಲ್ಲ. ಎರಡನೆಯದನ್ನು ನೋಡಲಿಕ್ಕೇ ಮೊಗ್ರಾಲ್ ಕಡೆಗೆ ಹೋದೆವು.

ಅಲ್ಲಿ ಪರಿಚಯದವರೊಬ್ಬರು ಹಳೆಯ ಮನೆ ಕೆಡವಿ ಹೊಸತು ಕಟ್ಟಿಸುತ್ತಿದ್ದರು. ಜೆಸಿಬಿ ಬಂದಾಗಿತ್ತು. ಮುರಕಲ್ಲಿನ ದಪ್ಪ ಗೋಡೆ, ನಡುವೆ ಬಿಳಿ ಗಾರೆ. ಮನೆಯವರು "ಬೇಕಾದಷ್ಟು ತಗೊಳ್ಳಿ ಮಾಷ್ಟ್ರೇ, ಲಾರಿಗೆ ಹೊರೆ ಕಡಿಮೆಯಾಯ್ತು" ಅಂದರು. ಅಂಗೈಯಗಲದ ಒಂದು ಮುದ್ದೆಯನ್ನು ಅವಳು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಒಡೆದಳು. ಒಡೆದ ಮುಖ ಹಳೆಯ ಕೊಬ್ಬರಿ ಮಿಠಾಯಿಯ ಹಾಗೆ ಕೆನೆಬಣ್ಣ, ಒರಟು. ಭೂತಗನ್ನಡಿ ಹಿಡಿದು ಕೊಟ್ಟಳು. ಹೊಯಿಗೆಯ, ಅಂದರೆ ಮರಳಿನ ಕಾಳು, ಸಾಸಿವೆಗಿಂತ ಸಣ್ಣ ಇದ್ದಿಲಿನ ಚುಕ್ಕಿಗಳು, ಮತ್ತೆ ಅಲ್ಲಲ್ಲಿ ಬಾಗಿದ ಬಿಳಿ ಚೂರು. ಒಂದು ಚೂರಿನಲ್ಲಿ ನಿನ್ನೆ ಜಗಲಿಯಲ್ಲಿ ನೋಡಿದ ಅದೇ ಗುಬುಟು, ಅದೇ ಕೀಲಿನ ಹಲ್ಲು. ಸರಿಯಾಗಿ ಬೇಯದೆ ಉಳಿದ ಮರ್ವಾಯಿ. ಗೂಡಿನ ಅಂಚಿನಲ್ಲಿದ್ದದ್ದಕ್ಕೆ ಬೆಂಕಿ ಮುಟ್ಟಿರಲಿಕ್ಕಿಲ್ಲ.

ನಮ್ಮ ಕರಾವಳಿಯಲ್ಲಿ ಸುಣ್ಣದಕಲ್ಲಿನ ಬೆಟ್ಟವಿಲ್ಲ. ಸುಣ್ಣ ಬೇಕೆಂದರೆ ಚಿಪ್ಪನ್ನೇ ಸುಡಬೇಕು. ಗೂಡಿನಲ್ಲಿ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು ಹಾಕಿ ಬೆಂಕಿ ಕೊಡುತ್ತಾರೆ. 800-900 ಡಿಗ್ರಿಯ ಕಾವಿಗೆ ಚಿಪ್ಪಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹೋಗಿ, 100 ಕೆ.ಜಿ. ಶುದ್ಧ ಚಿಪ್ಪಿಗೆ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಹೊಯಿಗೆ, ಬೆಲ್ಲದ ನೀರು ಸೇರಿಸಿ ಕುಟ್ಟಿದರೆ ಗಾರೆ. ಮನೆಯವರ ಹಿರಿಯಣ್ಣ, ಎಂಬತ್ತು ದಾಟಿದವರು, ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರು: "ನಮ್ಮ ಸಣ್ಣಪ್ರಾಯದಲ್ಲಿ ಹೊಳೆಬದಿಯಲ್ಲೇ ಸುಣ್ಣದ ಗೂಡು ಇತ್ತು. ಚಿಪ್ಪು ದೋಣಿಯಲ್ಲಿ ಬರುವುದು. ಹೊಳೆಯಿಂದ ತೆಗೆದದ್ದೂ ಉಂಟು, ದಡ ಅಗೆದು ತೆಗೆದದ್ದೂ ಉಂಟು. ಹಳೆ ಚಿಪ್ಪು ಒಳ್ಳೆಯದು, ವಾಸನೆ ಇಲ್ಲ, ಬೇಗ ಬೇಯ್ತದೆ ಅಂತ ಗೂಡಿನವರು ಹೇಳ್ತಿದ್ದರು."

ದಡ ಅಗೆದು ತೆಗೆದದ್ದು! ಅವಳು ಪೆನ್ನು ಹಿಡಿದದ್ದು ಹಾಗೇ ನಿಂತಿತು.

ಅಲ್ಲಿಗೆ ನನ್ನ ರಾತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದ್ದ ದಿಬ್ಬಗಳನ್ನು ಒಂದೊಂದಾಗಿ ಗೂಡಿಗೆ ಹಾಕಿ, ಕೋಟೆಗೆ, ಗುಡಿಗೆ, ಮಸೀದಿಗೆ, ಬಾವಿಕಟ್ಟೆಗೆ ಮೆತ್ತಿದ್ದೇವೆ. ಮಿಕ್ಕಿದ್ದನ್ನು ಅಡಿಕೆ ತೋಟಗಳಿಗೆ ಚೆಲ್ಲಿದ್ದೇವೆ, ವೀಳ್ಯದೆಲೆಗೆ ಹಚ್ಚಿ ತಿಂದಿದ್ದೇವೆ. ಊಟದ ನಂತರ ಕವಳ ಹಾಕುವ ಊರಿನಲ್ಲಿ ಚಿಪ್ಪಿನ ರಾಶಿ ಉಳಿದೀತು ಎಂದು ಕಾಯುವುದೇ ತಪ್ಪು. ಕಡಲತಡಿಯ ಹಳೆಯ ಬಾಳ್ವೆಯನ್ನು ಇಲ್ಲಿ ನೆಲದಡಿ ಹುಡುಕಿದಷ್ಟೇ ಗೋಡೆಯೊಳಗೂ ಹುಡುಕಬೇಕು. ಮುರಕಲ್ಲಿನ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ಸ್ಥಳೀಯ ಇತಿಹಾಸಕಾರರು ಆ ಕಲ್ಲುಗಳನ್ನು ಹಿಡಿದಿಟ್ಟ ಗಾರೆಯ ಬಗ್ಗೆ ಒಂದು ಸಾಲು ಬರೆದದ್ದನ್ನು ನಾನು ಓದಿಲ್ಲ.

ಗಾರೆಯಿಂದ ಕಾಲವನ್ನೂ ತಿಳಿಯಬಹುದು ಎಂದಳು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಮರಳಿ ಹೀರಿಕೊಂಡು. ಆ ಇಂಗಾಲ ಗೋಡೆ ಕಟ್ಟಿದ ವರ್ಷದ್ದು, ಅದರಲ್ಲಿ ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುವ ರೇಡಿಯೋಕಾರ್ಬನ್ ಅಳೆದರೆ ಗೋಡೆಯ ವಯಸ್ಸು ಸಿಗಬೇಕು. ಆದರೆ ನಾವು ನೋಡಿದ ಹಾಗೆ ಬೇಯದ ಚೂರು ಒಂದಿದ್ದರೂ ಅದರ ಹಳೆಯ ಇಂಗಾಲ ಲೆಕ್ಕ ಕೆಡಿಸುತ್ತದೆ. ಚಿಪ್ಪನ್ನೇ ನೇರ ಅಳೆದರೆ ಇನ್ನೊಂದು ತೊಡಕು: ಕಡಲ ನೀರಿನ ಇಂಗಾಲ ಗಾಳಿಯದ್ದಕ್ಕಿಂತ ಹಳೆಯದು, ಹಾಗಾಗಿ ಹಳೆಯ ಚಿಪ್ಪು ತನ್ನ ನಿಜ ವಯಸ್ಸಿಗಿಂತ ಸುಮಾರು 400 ವರ್ಷ ಹೆಚ್ಚು ಹಳತೆಂದು ತೋರಿಸುತ್ತದೆ. ಎಷ್ಟು ಕಳೆಯಬೇಕೆಂಬುದು ಕಡಲಿನಿಂದ ಕಡಲಿಗೆ ಬೇರೆ. ಅದನ್ನು ತಿಳಿಯಲು 1950ಕ್ಕೆ ಮೊದಲು, ಅಣುಬಾಂಬಿನ ಪರೀಕ್ಷೆಗಳು ಗಾಳಿಯನ್ನು ಕದಡುವ ಮುಂಚೆ, ಜೀವಂತ ತೆಗೆದು ತಾರೀಕು ಬರೆದಿಟ್ಟ ಚಿಪ್ಪು ಬೇಕು. ಹಳೆಯ ಮ್ಯೂಸಿಯಮ್ಮಿನ ಧೂಳು ಹಿಡಿದ ಡ್ರಾಯರುಗಳಿಗೆ ಬೆಲೆ ಬರುವುದು ಇಲ್ಲಿ.

ಆ ಇದ್ದಿಲಿನ ಚುಕ್ಕಿ? ಅದಕ್ಕೆ ಕಡಲಿನ ತೊಡಕಿಲ್ಲ. ಗೂಡಿನ ಕಟ್ಟಿಗೆ ಯಾವಾಗಿನದ್ದೆಂದು ಅದು ಹೇಳುತ್ತದೆ, ಮರ ತೀರಾ ಹಳೆಯದಾಗಿರದಿದ್ದರೆ. ಮುದ್ದೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಸೋಮವಾರ, ಚಂದ್ರಗಿರಿ ಮತ್ತು ಬೇಕಲ

ಚಂದ್ರಗಿರಿ ಹೊಳೆಯ ಬಾಯಿಯಲ್ಲಿ ಕೆಲಸ ಬೇಗ ಮುಗಿಯಿತು. ಬಂಡೆಗೆ ಅಂಟಿದ ಸಿಂಪಿಯನ್ನು ಉಳಿಯಿಂದ ಎಬ್ಬಿಸಿದ್ದು, ಕೈ ಕೊಯ್ದುಕೊಂಡದ್ದು, ಅಷ್ಟೇ. ಮಧ್ಯಾಹ್ನ ಬೇಕಲ.

ಕೆಳದಿಯ ಶಿವಪ್ಪ ನಾಯಕನ ಕಾಲದ ಈ ಕೋಟೆಯ ಬಗ್ಗೆ ಹೊಸತಾಗಿ ಹೇಳಬೇಕಾದ್ದಿಲ್ಲ; ಸಿನಿಮಾದವರು ಎಲ್ಲ ಕೋನದಿಂದಲೂ ತೋರಿಸಿದ್ದಾರೆ. ನಮ್ಮ ಕಣ್ಣು ಈ ಸಲ ಕಲ್ಲಿನ ಸಂದಿಗಳ ಮೇಲೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, 1958ರ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಂದು ಚೂರನ್ನೂ ಕೀಳುವಂತಿಲ್ಲ. ಇವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದಳು. ಪಕ್ಕದಲ್ಲೇ ಒಬ್ಬ ಹುಡುಗ ಕಾರಿನ ಕೀಲಿಯಿಂದ ಗೋಡೆಯಲ್ಲಿ ತನ್ನ ಮತ್ತು ಇನ್ನೊಬ್ಬಳ ಹೆಸರು ಕೊರೆಯುತ್ತಿದ್ದ. ಮಾಷ್ಟ್ರ ದನಿ ನಿವೃತ್ತಿಯ ಮೇಲೂ ಉಪಯೋಗಕ್ಕೆ ಬರುತ್ತದೆ.

ಕೆಳಗಿನ ಹೊಯಿಗೆ ದಂಡೆಯಲ್ಲಿ ನಿಜವಾದ ಪಾಠ ಕಾದಿತ್ತು. ಅಲೆ ತಂದು ಹಾಕಿದ ಚಿಪ್ಪುಗಳನ್ನು ನನ್ನ ಕೈಗೆ ಒಂದೊಂದಾಗಿ ಕೊಟ್ಟು, ಇದನ್ನು ತಿಂದದ್ದು ಯಾರು ಎಂದು ಕೇಳತೊಡಗಿದಳು. ಒಂದರಲ್ಲಿ ಅಚ್ಚುಕಟ್ಟಾದ ದುಂಡು ತೂತು. ಮಣಿ ಮಾಡಲು ಕೊರೆದದ್ದು ಅಂದೆ. "ಅಲ್ಲ ಮಾವ, ತೂತಿನ ಅಂಚು ನೋಡಿ." ಹೊರಗೆ ಅಗಲ, ಒಳಗೆ ಕಿರಿದು, ನಯವಾದ ಇಳಿಜಾರು. ಹೊಯಿಗೆಯೊಳಗಿರುವ ಒಂದು ಜಾತಿಯ ಬೇಟೆಗಾರ ಶಂಖದಹುಳು ಆಮ್ಲ ಬಿಟ್ಟು, ನಾಲಿಗೆಯ ಗರಗಸದಿಂದ ಕೆರೆದು ಒಳಗಿನದ್ದನ್ನು ತಿನ್ನುತ್ತದೆ, ತೂತು ಅದರದ್ದು. ಮನುಷ್ಯ ಕೊರೆದರೆ ಸುತ್ತ ಉಂಗುರದ ಗೀರುಗಳಿರುತ್ತವೆ. ಇನ್ನೊಂದು ಚಿಪ್ಪಿನ ಒಳಮೈಗೆ ಹುಳುವಿನ ಸಣ್ಣ ಸುಣ್ಣದ ಕೊಳವೆಗಳು ಅಂಟಿದ್ದವು. ಪ್ರಾಣಿ ಸತ್ತು ಬಾಯಿ ತೆರೆದ ಮೇಲಷ್ಟೇ ಒಳಗೆ ಅವು ಮನೆ ಮಾಡಲು ಸಾಧ್ಯ. ಅಂಥದ್ದು ಹಳೆಯ ನೆಲೆಯೊಂದರಲ್ಲಿ ಸಿಕ್ಕರೆ, ಅದು ಊಟಕ್ಕೆ ತಂದದ್ದಲ್ಲ, ಖಾಲಿ ಚಿಪ್ಪನ್ನೇ ಯಾರೋ ಹೆಕ್ಕಿ ತಂದದ್ದು. ಯಾಕೆ ತಂದರು? ಸುಣ್ಣಕ್ಕೆ, ಆಟಕ್ಕೆ, ಅಥವಾ ನಮ್ಮ ಹಾಗೆ ಚಂದ ಕಂಡಿತೆಂದು.

ದಾರಿಬದಿಯ ಅಂಗಡಿಯಲ್ಲಿ ಚಿಪ್ಪಿನ ಸರ, ಕವಡೆಯ ತೋರಣ, ಬಿಳಿ ಶಂಖ ನೇತು ಹಾಕಿದ್ದರು. ಅವುಗಳಲ್ಲಿ ಹೆಚ್ಚಿನವು ಈ ದಂಡೆಯವಲ್ಲ. ಪೂಜೆಯ ಶಂಖಕ್ಕೆ ಮೊದಲಿಂದಲೂ ಹೆಸರಾದದ್ದು ಮನ್ನಾರ್ ಕೊಲ್ಲಿ ಮತ್ತು ಗುಜರಾತಿನ ಕಡಲು. ನಾಣ್ಯವಾಗಿ ಓಡಾಡಿದ ಕವಡೆ ಮಾಲ್ಡೀವ್ಸಿನಿಂದ ಬರುತ್ತಿತ್ತು, ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಅದನ್ನು ಬರೆದಿದ್ದಾನೆ. ಚಿಪ್ಪು ಸಿಕ್ಕ ಜಾಗವೇ ಬೇರೆ, ಹುಟ್ಟಿದ ಕಡಲೇ ಬೇರೆ ಆದಾಗ ವ್ಯಾಪಾರದ ದಾರಿ ಕಾಣುತ್ತದೆ. ಗುಜರಾತಿನ ನಾಗೇಶ್ವರದಲ್ಲಿ ಹರಪ್ಪ ಕಾಲದ ಶಂಖದ ಕಾರ್ಖಾನೆಯೇ ಸಿಕ್ಕಿದೆ. ಪುರಾತತ್ವಜ್ಞರಾದ ಕುಲದೀಪ್ ಭಾನ್, ಜೊನಾಥನ್ ಮಾರ್ಕ್ ಕೆನೋಯರ್ ಅಲ್ಲಿ ಬಳೆಗಿಂತ ಹೆಚ್ಚಾಗಿ ಓದಿದ್ದು ಬಳೆ ಕೊಯ್ದು ಬಿಸಾಡಿದ ನಡುದಿಂಡು, ತುದಿ, ಚೂರುಗಳನ್ನು. ಎಲ್ಲಿ ಕೊಯ್ದರು, ಯಾವ ಗರಗಸದಿಂದ, ಯಾವ ಹಂತದಲ್ಲಿ ಒಡೆದುಹೋಯಿತು ಎಂಬುದೆಲ್ಲ ಕಸದಲ್ಲಿತ್ತು.

ಬೇಕಲದ ಅಂಗಡಿಯ ಕಸವನ್ನು ಇನ್ನು ಸಾವಿರ ವರ್ಷದ ಮೇಲೆ ಅಗೆದವರ ಪಾಡು ಏನೋ. ಅಂದ ಹಾಗೆ, ಅಲಂಕಾರದ ಕೆಲವು ದೊಡ್ಡ ಚಿಪ್ಪುಗಳನ್ನು ಮಾರುವುದೂ ಕೊಳ್ಳುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೊಳ್ಳುವ ಮೊದಲು ಕೇಳಿಕೊಳ್ಳಿ.

ಮಂಗಳವಾರ, ಪಡನ್ನ

ಕುಂಬಳೆಯಿಂದ ಚೆರುವತ್ತೂರಿಗೆ ಲೋಕಲ್ ರೈಲು, ಅಲ್ಲಿಂದ ರಿಕ್ಷಾ. ಕವ್ವಾಯಿ ಹಿನ್ನೀರಿನ ಈ ಕಡೆ ಕನ್ನಡ ಕಡಿಮೆ, ನನ್ನ ಹರಕು ಮಲಯಾಳವೇ ಗತಿ. ದೋಣಿಯ ಯುವಕನ ಅಜ್ಜಿಮನೆ ಮಂಜೇಶ್ವರವಂತೆ, ಅವನ ತುಳು ನನ್ನದಕ್ಕಿಂತ ಚೆನ್ನಾಗಿತ್ತು.

ನೀರಿನಲ್ಲಿ ಬಿದಿರಿನ ಚಪ್ಪರಗಳು, ಅವುಗಳಿಂದ ಇಳಿಬಿಟ್ಟ ಹಗ್ಗಗಳು. ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪಿನ ಜೀವಿ, ಪಚ್ಚಿಲೆಯ ಕೃಷಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರ ಕ್ರಮ ನೋಡಿ 1990ರ ದಶಕದಿಂದ ಇಲ್ಲಿ ಬೆಳೆಸುತ್ತಿದ್ದಾರೆ, ಹೆಂಗಸರ ಗುಂಪುಗಳೇ ಮುಂದೆ. ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹರವಿ, ತೆಳ್ಳನೆಯ ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವು ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆ ತನ್ನ ನಾರಿನಿಂದ ಹಗ್ಗವನ್ನು ಹಿಡಿದುಕೊಂಡಿರುತ್ತದೆ. ದೋಣಿಯವ ಒಂದು ಹಗ್ಗ ಎತ್ತಿ ತೋರಿಸಿದ. ಒಂದೊಂದು ಚಿಪ್ಪಿನ ಅಂಚಿನಲ್ಲೂ ಹೊಸ ಬೆಳವಣಿಗೆಯ ಎಳೆಹಸಿರು ಪಟ್ಟಿ, ಉಗುರಿನಷ್ಟು ತೆಳ್ಳಗೆ.

ನವೆಂಬರ್, ಡಿಸೆಂಬರಿನಲ್ಲಿ ಕಟ್ಟಿದ್ದನ್ನು ಮಳೆಗೆ ಮೊದಲು ತೆಗೆಯಲೇಬೇಕು. ಜೂನಿನಲ್ಲಿ ಹೊಳೆಗಳ ಸಿಹಿನೀರು ತುಂಬಿ ಉಪ್ಪು ಇಳಿದರೆ ಬೆಳೆ ಸಾಯುತ್ತದೆ. ನಮ್ಮ ಹುಡುಗಿ ಇಷ್ಟು ದೂರ ಬಂದದ್ದು ಈ ಮಾತಿಗಾಗಿ. ಮಳೆನೀರಿನಲ್ಲಿ ಭಾರದ ಆಮ್ಲಜನಕ, ಅಂದರೆ 18 ತೂಕದ್ದು, ಕಡಲ ನೀರಿನಲ್ಲಿರುವುದಕ್ಕಿಂತ ಕಡಿಮೆ. ಚಿಪ್ಪು ಆಯಾ ದಿನದ ನೀರಿನಿಂದಲೇ ಕಟ್ಟಿಕೊಳ್ಳುತ್ತಾ ಹೋಗುವುದರಿಂದ, ಬೆಳವಣಿಗೆಯ ಗೆರೆಗಳ ಉದ್ದಕ್ಕೆ ಕೂದಲೆಳೆಯಂಥ ಬೈರಿಗೆಯಿಂದ ಪುಡಿ ತೆಗೆದು ಅಳೆದರೆ ಬೇಸಗೆ ಮಳೆಗಾಲಗಳು ಸಾಲಾಗಿ ಕಾಣುತ್ತವೆ. ಕೊನೆಯ ಅಂಚಿನ ಅಳತೆ, ಪ್ರಾಣಿ ಸತ್ತ ಕಾಲದ್ದು. ತಿಂದವರು ನೀರಿಗಿಳಿದ ಕಾಲದ್ದು. ಇದಕ್ಕೆ ದಾರಿ ಹಾಕಿದ್ದು 1947ರಲ್ಲಿ ರಸಾಯನಶಾಸ್ತ್ರದ ಹೆರಾಲ್ಡ್ ಯೂರಿ, ಋತು ಗುರುತಿಸಲು ಬಳಸಿ ತೋರಿಸಿದ್ದು 1973ರಲ್ಲಿ ಭೂವಿಜ್ಞಾನದ ನಿಕೊಲಸ್ ಶ್ಯಾಕಲ್ಟನ್. ತಣ್ಣನೆಯ ದೇಶಗಳಲ್ಲಿ ಈ ಅಳತೆ ಹೆಚ್ಚಾಗಿ ನೀರಿನ ಬಿಸಿಯನ್ನು ಹೇಳುತ್ತದೆ. ನಮ್ಮ ಹೊಳೆಬಾಯಿಗಳಲ್ಲಿ ಮಳೆಯದ್ದೇ ದರ್ಬಾರು.

ಅವಳ ತಲೆಯಲ್ಲಿರುವುದು ತುಳುವರ ಆಟಿ ತಿಂಗಳು, ಮಳೆಗಾಲದ ನಡುವಿನದ್ದು. ಕಡಲು ಮುಚ್ಚಿರುತ್ತದೆ, ಕಣಜ ಖಾಲಿ, ಕೂಲಿ ಇಲ್ಲ. ನಮ್ಮ ಅಜ್ಜಿಯರು ತಜಂಕ್ ಸೊಪ್ಪು, ಕೆಸು, ಹಲಸಿನ ಬೀಜದಲ್ಲಿ ದಿನ ದೂಡುತ್ತಿದ್ದ ಕಾಲ. ಆಗ ಹಿಂದಿನವರು ಹೊಳೆಯ ಮರ್ವಾಯಿಗೆ ಇಳಿಯುತ್ತಿದ್ದರೇ, ಇಲ್ಲವೇ? ಹಾಡು, ಪಾಡ್ದನಗಳಲ್ಲಿ ಕೇಳಬಹುದು, ಆದರೆ ತಾರೀಕು ಸಿಗದು. ಒಂದು ಹಳೆಯ ಚಿಪ್ಪಿನ ಅಂಚು ಮಳೆಗಾಲದ ನೀರು ತೋರಿಸಿದರೆ ಅದು ಆ ಕಾಲದ ಅಡುಗೆಯ ಸಾಕ್ಷಿ.

ಮಧ್ಯಾಹ್ನ ಸಣ್ಣ ಹೋಟೆಲಿನಲ್ಲಿ ಅರಿಕ್ಕಡುಕ್ಕ ತಿಂದೆವು: ಪಚ್ಚಿಲೆಯ ಹೊಟ್ಟೆಗೆ ಅಕ್ಕಿಹಿಟ್ಟು ತುಂಬಿ, ಹಬೆಯಲ್ಲಿ ಬೇಯಿಸಿ, ಮಸಾಲೆ ಮೆತ್ತಿ ಕರಿದದ್ದು. ತಟ್ಟೆಯ ಬದಿಗೆ ಬಿದ್ದ ಚಿಪ್ಪುಗಳನ್ನು ಅವಳು ಟಿಶ್ಯೂನಲ್ಲಿ ಸುತ್ತಿಕೊಂಡದ್ದನ್ನು ನೋಡಿ ಹೋಟೆಲಿನವ ಇನ್ನೊಂದು ಹಿಡಿ ತಂದುಕೊಟ್ಟ. ಎಣ್ಣೆ ಹಿಡಿದದ್ದು ಆಗುವುದಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ವಾಪಸು ರೈಲಿನಲ್ಲಿ ನನಗೊಂದು ಕೆಲಸ ಹಚ್ಚಿದಳು. ಒಂದು ತಿಂಗಳ ಚಿಪ್ಪಿನಿಂದ ಋತು ತಿಳಿಯುವುದಿಲ್ಲ, ವರ್ಷವಿಡೀ ಬೇಕು. ಪ್ರತಿ ಅಮಾವಾಸ್ಯೆಗೆ ಮೊಗ್ರಾಲ್ ಹೊಳೆಯಿಂದ ಒಂದು ಹಿಡಿ ಮರ್ವಾಯಿ, ಜೊತೆಗೆ ಒಂದು ಬಾಟಲಿ ಅದೇ ನೀರು, ಥರ್ಮಾಮೀಟರಿನ ಅಳತೆ, ತಾರೀಕು. ಚೀಟಿ ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿ ಅಳಿಸಿಹೋಗುತ್ತದೆ. ಆಟಿಯಲ್ಲೂ ತಪ್ಪಿಸುವಂತಿಲ್ಲ.

"ಆಟಿಯಲ್ಲಿ ಹೊಳೆಗೆ ಇಳಿಯಲಿಕ್ಕೆ ನನಗೆ ಪ್ರಾಯ ಎಷ್ಟಾಯ್ತು ಗೊತ್ತುಂಟಾ?"

"ನೀವು ಇಳಿಯುವುದು ಬೇಡ ಮಾವ. ಶಿರಿಯದ ಅಮ್ಮನ ಹತ್ತಿರ ಕೇಳಿ, ಆಗ ಸಿಗ್ತದಾ, ಸಿಕ್ಕಿದರೆ ತಿಂತಾರಾ ಅಂತ. ಅವರು ಹೇಳಿದ್ದನ್ನೂ ಚೀಟಿಯಲ್ಲಿ ಬರೆದು ಹಾಕಿ."

ಮನೆಗೆ ಬಂದು ವಿಷಯ ತಿಳಿಸಿದಾಗ ಹೆಂಡತಿಯ ಷರತ್ತು ಒಂದೇ: ಸಿಪ್ಪೆ ಒಣಗಿಸುವುದು ಹಟ್ಟಿಯ ಆಚೆ, ತುಳಸಿಕಟ್ಟೆಯ ಹತ್ತಿರ ಅಲ್ಲ.